ಎದೆನೋವೂ ಮನೆಯೊಳಗಿನ ಮೌನವೂ

(ಪಟ್ಟಣವೊಂದರಲ್ಲಿ ನಡೆದ ಕುಟುಂಬ ಸಮಾವೇಶದಲ್ಲಿ ವೈದ್ಯರೊಬ್ಬರು ಮಾಡಿದ ಭಾಷಣದ ಬರಹರೂಪ)



ಧೂಮಪಾನದ ಕುರಿತು ಭಾಷಣವೆಂದೊಡನೆ ಸೇದುವವರು ಮೆಲ್ಲನೆ ಎದ್ದು ಹೊರನಡೆಯುವುದು, ಉಳಿದವರು ತಮಗೆ ಸಂಬಂಧಿಸಿದ ವಿಷಯವಲ್ಲವೆಂದು ನಿರಾಳವಾಗಿ ಕುಳಿತುಕೊಳ್ಳುವುದು ವಾಡಿಕೆ. ಆದರೆ ಇಂದು ನಾವು ಮಾತನಾಡಬಯಸುವುದು ಮುಖ್ಯವಾಗಿ ಆ ಉಳಿದವರೊಡನೆ. ತಾಯಂದಿರು, ತಂದೆಯಂದಿರು, ಅಕ್ಕತಂಗಿಯರು, ಹೊಸದಾಗಿ ಮದುವೆಯಾಗಿ ಬಂದ ಸೊಸೆಯಂದಿರು ಇಲ್ಲಿದ್ದೀರಿ. ಸಿಗರೇಟು ಕೆಟ್ಟದ್ದೆಂದು ನಿಮಗೆ ಹೇಳಿಕೊಡಬೇಕಾದ ಅಗತ್ಯವಿಲ್ಲ. ಅದು ಸೇದುವವನಿಗೂ ಗೊತ್ತು. ಪೊಟ್ಟಣದ ಮೇಲೆ ಶೇಕಡಾ 85ರಷ್ಟು ಜಾಗವನ್ನು ಆವರಿಸಿರುವ ಆ ಭಯಾನಕ ಚಿತ್ರವನ್ನು ಅವನು ದಿನಕ್ಕೆ ಹತ್ತು ಬಾರಿ ನೋಡುತ್ತಾನೆ. ನಾವು ಹೇಳಹೊರಟಿರುವುದು ಬೇರೊಂದು ಸಂಗತಿ. ಎಳೆಯ ವಯಸ್ಸಿನ ಧೂಮಪಾನಿಯೊಬ್ಬನಿಗೆ ಎದೆಯಲ್ಲಿ ನೋವು ಕಾಣಿಸಿಕೊಂಡಾಗ ಅವನು ಏನು ಮಾಡುತ್ತಾನೆ ಮತ್ತು ಏನು ಮಾಡುವುದಿಲ್ಲ ಎಂಬುದು.

ನಮ್ಮಂತಹ ಸಣ್ಣ ಪಟ್ಟಣದ ವೈದ್ಯರ ಬಳಿಗೆ ಇಂತಹ ಯುವಕರು ಬರುತ್ತಲೇ ಇರುತ್ತಾರೆ. ವಯಸ್ಸು ಇಪ್ಪತ್ತೆರಡರಿಂದ ಮೂವತ್ತು. ಕೆಲವರು ಮೊಬೈಲ್ ಅಂಗಡಿಯವರು, ಕೆಲವರು ಟೆಂಪೋ ಚಾಲಕರು, ಕೆಲವರು ಗಲ್ಫ್‌ನಿಂದ ರಜೆಯ ಮೇಲೆ ಬಂದವರು, ಇನ್ನು ಕೆಲವರು ಇಂಜಿನಿಯರಿಂಗ್ ಮುಗಿಸಿ ಕೆಲಸ ಹುಡುಕುತ್ತಿರುವವರು. ಕ್ಲಿನಿಕ್ ಮುಚ್ಚುವ ಹೊತ್ತಿಗೆ, ಕೊನೆಯ ರೋಗಿ ಹೊರಟುಹೋದ ಬಳಿಕ ಒಳಗೆ ಬರುತ್ತಾರೆ. ಎದೆಯ ಎಡಭಾಗದಲ್ಲಿ ಏನೋ ಹಿಡಿದಂತಾಗುತ್ತದೆ ಎನ್ನುತ್ತಾರೆ. ಯಾವಾಗಿನಿಂದ ಎಂದು ಕೇಳಿದರೆ ಮೂರು ತಿಂಗಳು, ನಾಲ್ಕು ತಿಂಗಳು ಎಂಬ ಉತ್ತರ. ಅಷ್ಟು ದಿನ ಏನು ಮಾಡಿದೆ ಎಂದರೆ ಮೆಡಿಕಲ್ ಅಂಗಡಿಯಿಂದ ಗ್ಯಾಸ್ಟ್ರಿಕ್ ಮಾತ್ರೆ, ಸೋಡಾ, ಜೀರಿಗೆ ಕಷಾಯ. ಇದೆಲ್ಲ ಹೇಳಿಯಾದ ಮೇಲೆ ಬಾಗಿಲಿನ ಕಡೆಗೊಮ್ಮೆ ನೋಡಿ, ದನಿ ತಗ್ಗಿಸಿ ಕೊನೆಯ ಮಾತು ಹೇಳುತ್ತಾರೆ: "ಡಾಕ್ಟ್ರೇ, ಸಿಗರೇಟಿನ ವಿಷಯ ಮನೆಯಲ್ಲಿ ಗೊತ್ತಿಲ್ಲ. ಅಬ್ಬಾಗೆ ಹೇಳಬೇಡಿ."

ನೋವಿಗಿಂತ ದೊಡ್ಡ ಭಯ ಅದು. ನಾಲ್ಕು ತಿಂಗಳು ಎದೆನೋವನ್ನು ಬಚ್ಚಿಟ್ಟುಕೊಂಡು ತಿರುಗಿದ್ದಕ್ಕೆ ಕಾರಣವೂ ಅದೇ. ನೋವನ್ನು ಹೇಳಿದರೆ ವೈದ್ಯರ ಬಳಿಗೆ ಕರೆದೊಯ್ಯುತ್ತಾರೆ, ಸೇದುತ್ತೀಯಾ ಎಂದು ವೈದ್ಯರು ಎಲ್ಲರೆದುರಿಗೆ ಕೇಳುತ್ತಾರೆ, ಗುಟ್ಟು ಬಯಲಾಗುತ್ತದೆ. ಆದ್ದರಿಂದ ಗುಟ್ಟು ಉಳಿಯಬೇಕಾದರೆ ನೋವೂ ಗುಟ್ಟಾಗಿಯೇ ಇರಬೇಕು. ಈ ಲೆಕ್ಕಾಚಾರ ನಮ್ಮ ಎಷ್ಟೋ ಮನೆಗಳಲ್ಲಿ ಸದ್ದಿಲ್ಲದೆ ನಡೆಯುತ್ತಿದೆ.

ಹಾಗಾದರೆ ಇಂತಹ ನೋವೆಲ್ಲ ಹೃದಯಾಘಾತದ ಮುನ್ಸೂಚನೆಯೇ? ಖಂಡಿತ ಅಲ್ಲ. ಇದನ್ನು ಮೊದಲೇ ಸ್ಪಷ್ಟಪಡಿಸುತ್ತೇವೆ. ಏಕೆಂದರೆ ಹೆದರಿಸಿ ಚಟ ಬಿಡಿಸಬಹುದೆಂಬ ನಂಬಿಕೆ ನಮಗಿಲ್ಲ. ಇಪ್ಪತ್ತೈದರ ಯುವಕನ ಎದೆನೋವಿಗೆ ಹೃದಯವೇ ಕಾರಣವಾಗಿರುವುದು ಕಡಿಮೆ. ಬಹಳಷ್ಟು ಸಂದರ್ಭಗಳಲ್ಲಿ ಅದು ಪಕ್ಕೆಲುಬಿನ ಸಂದುಗಳ, ಮಾಂಸಖಂಡಗಳ ನೋವು. ಧೂಮಪಾನಿಯ ಬೆಳಗಿನ ಕೆಮ್ಮು ಆ ಮಾಂಸಖಂಡಗಳನ್ನು ಪ್ರತಿದಿನ ಹಿಂಡುತ್ತದೆ. ಬೆರಳಿನಿಂದ ಒತ್ತಿದಾಗ ನಿರ್ದಿಷ್ಟ ಜಾಗದಲ್ಲಿ ನೋಯುವುದು, ಮೈ ತಿರುಗಿಸಿದಾಗ ಚುಚ್ಚುವುದು ಇದರ ಲಕ್ಷಣ. ಎರಡನೆಯದು ಹುಳಿತೇಗು ಮತ್ತು ಎದೆಯುರಿ. ಅನ್ನನಾಳ ಮತ್ತು ಜಠರ ಸೇರುವಲ್ಲಿ ಬಿಗಿಯಾಗಿ ಮುಚ್ಚಿಕೊಳ್ಳುವ ಸ್ನಾಯುವೊಂದಿದೆ. ಧೂಮಪಾನವು ಅದನ್ನು ಸಡಿಲಗೊಳಿಸುತ್ತದೆ, ಜಠರದ ಆಮ್ಲ ಮೇಲಕ್ಕೆ ಉಕ್ಕುತ್ತದೆ. ಆದ್ದರಿಂದ 'ಗ್ಯಾಸ್ಟ್ರಿಕ್' ಎನ್ನುವವನು ಸುಳ್ಳು ಹೇಳುತ್ತಿಲ್ಲ. ಆದರೆ ಮಾತ್ರೆ ನುಂಗಿದ ಬೆನ್ನಿಗೇ ಚಹಾದೊಂದಿಗೆ ಸಿಗರೇಟು ಹಚ್ಚಿದರೆ ಮಾತ್ರೆಯ ಕೆಲಸವೇನು?

ಮೂರನೆಯದು ಶ್ವಾಸಕೋಶ. ಎತ್ತರದ, ತೆಳ್ಳಗಿನ ಮೈಕಟ್ಟಿನ ಯುವಕರಲ್ಲಿ ಕೆಲವೊಮ್ಮೆ ಶ್ವಾಸಕೋಶದ ಮೇಲ್ಮೈಯ ಸಣ್ಣ ಗುಳ್ಳೆಯೊಂದು ಒಡೆದು ಎದೆಗೂಡಿನೊಳಗೆ ಗಾಳಿ ಸೋರುತ್ತದೆ. ಒಂದೇ ಬದಿಯಲ್ಲಿ ಥಟ್ಟನೆ ಚುಚ್ಚಿದಂತಹ ನೋವು, ಜೊತೆಗೆ ಏದುಸಿರು. ಇದು ಸೇದುವವರಲ್ಲಿ ಸೇದದವರಿಗಿಂತ ಹಲವು ಪಟ್ಟು ಹೆಚ್ಚು. ತಡಮಾಡದೆ ಆಸ್ಪತ್ರೆಗೆ ಹೋಗಬೇಕಾದ ಸ್ಥಿತಿಯಿದು. ನ್ಯುಮೋನಿಯಾ ಇರಬಹುದು, ಕ್ಷಯವೂ ಇರಬಹುದು. ಸೇದುವವರಿಗೆ ಕ್ಷಯ ತಗಲುವ ಸಾಧ್ಯತೆಯೂ, ತಗಲಿದರೆ ಉಲ್ಬಣಿಸುವ ಸಾಧ್ಯತೆಯೂ ಅಧಿಕ. ಎರಡು ವಾರ ದಾಟಿದ ಕೆಮ್ಮನ್ನು 'ಸ್ಮೋಕರ್ಸ್ ಕಾಫ್' ಎಂದು ಗೆಳೆಯರ ನಡುವೆ ನಗೆಯಾಡಿ ಕಳೆಯುವವರು ಸರಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಉಚಿತವಾಗಿ ನಡೆಯುತ್ತದೆಂಬುದನ್ನು ನೆನಪಿಡಬೇಕು.

ಇಷ್ಟೆಲ್ಲ ಇದ್ದರೂ ಹೃದಯವನ್ನು ಪಟ್ಟಿಯಿಂದ ಕೈಬಿಡುವ ಅಧಿಕಾರ ಆ ಯುವಕನಿಗೂ ಇಲ್ಲ, ಮೆಡಿಕಲ್ ಅಂಗಡಿಯವನಿಗೂ ಇಲ್ಲ. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯು ಎಳೆಯ ವಯಸ್ಸಿನಲ್ಲೇ ಹೃದಯಾಘಾತಕ್ಕೀಡಾದವರನ್ನು 2017ರಿಂದ ಪ್ರತ್ಯೇಕವಾಗಿ ಅಧ್ಯಯನ ಮಾಡುತ್ತಾ ಬಂದಿದೆ. ನಲ್ವತ್ತು ವರ್ಷ ದಾಟದ ಈ ರೋಗಿಗಳಲ್ಲಿ ಎದ್ದು ಕಂಡ ಅಪಾಯಕಾರಿ ಅಂಶ ಧೂಮಪಾನ. ಅವರಲ್ಲಿ ಅನೇಕರಿಗೆ ಸಕ್ಕರೆ ಕಾಯಿಲೆಯಿರಲಿಲ್ಲ, ರಕ್ತದೊತ್ತಡವಿರಲಿಲ್ಲ, ಬೊಜ್ಜೂ ಇರಲಿಲ್ಲ.

ಇದು ಹೇಗಾಗುತ್ತದೆ? ವೃದ್ಧರ ಹೃದಯದ ರಕ್ತನಾಳವು ಹತ್ತಾರು ವರ್ಷಗಳಲ್ಲಿ ಕೊಬ್ಬು ಕಟ್ಟಿ ನಿಧಾನವಾಗಿ ಕಿರಿದಾಗುತ್ತದೆ. ಹೊಲದ ಕಾಲುವೆ ಹೂಳು ತುಂಬಿದಾಗ ನೀರು ಪಕ್ಕದಲ್ಲೊಂದು ದಾರಿ ಮಾಡಿಕೊಳ್ಳುವಂತೆ, ಅಷ್ಟರಲ್ಲಿ ರಕ್ತವೂ ಒಂದೆರಡು ಒಳದಾರಿಗಳನ್ನು ಕಂಡುಕೊಂಡಿರುತ್ತದೆ. ಯುವಕನ ಕಥೆ ಬೇರೆ. ಅವನ ನಾಳ ಬಹುತೇಕ ತೆರೆದೇ ಇರುತ್ತದೆ. ಆದರೆ ಹೊಗೆಯು ಆ ನಾಳದ ನವಿರಾದ ಒಳಪದರವನ್ನು ಗಾಯಗೊಳಿಸುತ್ತದೆ, ರಕ್ತಕಣಗಳನ್ನು ಅಂಟಂಟಾಗಿಸುತ್ತದೆ. ನಿಕೋಟಿನ್ ನಾಳವನ್ನು ಹಿಂಡಿ ಸಂಕುಚಿತಗೊಳಿಸುತ್ತದೆ, ಹೃದಯದ ಬಡಿತವನ್ನೂ ಒತ್ತಡವನ್ನೂ ಏರಿಸುತ್ತದೆ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಅನಿಲವು ಆಮ್ಲಜನಕಕ್ಕಿಂತ 200 ಪಟ್ಟಿಗೂ ಮಿಗಿಲಾದ ಬಲದಿಂದ ರಕ್ತದ ಹಿಮೋಗ್ಲೋಬಿನ್‌ಗೆ ಅಂಟಿಕೊಂಡು ಆಮ್ಲಜನಕದ ಜಾಗವನ್ನು ಕಬಳಿಸುತ್ತದೆ. ಹೃದಯಕ್ಕೆ ಕೆಲಸ ಹೆಚ್ಚು, ಆಹಾರ ಕಡಿಮೆ. ಇಂತಹ ಒಂದು ದಿನ ಯಾವುದೋ ಸಣ್ಣ ಬಿರುಕಿನ ಮೇಲೆ ಹಠಾತ್ತನೆ ರಕ್ತ ಹೆಪ್ಪುಗಟ್ಟಿ ನಾಳ ಪೂರ್ತಿ ಮುಚ್ಚಿಕೊಳ್ಳುತ್ತದೆ. ಒಳದಾರಿಗಳು ಇನ್ನೂ ಬೆಳೆದಿರುವುದಿಲ್ಲ. ಆದುದರಿಂದಲೇ 'ನಿನ್ನೆ ಸಂಜೆ ಕ್ರಿಕೆಟ್ ಆಡಿದ್ದ' ಎಂಬ ಮಾತು ಇಂತಹ ಮನೆಗಳಲ್ಲಿ ಪದೇಪದೇ ಕೇಳಿಬರುತ್ತದೆ.

'ನಾನೇನು ದಿನಕ್ಕೆ ಎರಡೋ ಮೂರೋ' ಎಂಬ ಸಮಾಧಾನವೂ ನಿಲ್ಲುವುದಿಲ್ಲ. ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಸೇದುವ ಪ್ರಮಾಣಕ್ಕೆ ತಕ್ಕಂತೆ ಏರುತ್ತದೆ. ಹೃದಯದ ಲೆಕ್ಕ ಹಾಗಿಲ್ಲ. 2018ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ ವಿಸ್ತೃತ ವಿಶ್ಲೇಷಣೆಯ ಪ್ರಕಾರ ದಿನಕ್ಕೆ ಒಂದೇ ಸಿಗರೇಟು ಸೇದುವವನು ಹೊರುವ ಹೆಚ್ಚುವರಿ ಹೃದ್ರೋಗದ ಅಪಾಯವು ದಿನಕ್ಕೆ ಇಪ್ಪತ್ತು ಸೇದುವವನದರ ಅರ್ಧದಷ್ಟಿರುತ್ತದೆ. ಇಪ್ಪತ್ತರಲ್ಲಿ ಒಂದು ಭಾಗವಲ್ಲ, ಅರ್ಧ! ಕಡಿಮೆ ಮಾಡಿದ್ದೇನೆ ಎಂದು ಬೀಗುವ ಮಕ್ಕಳಿಗೆ ಈ ಲೆಕ್ಕ ತಿಳಿದಿರಲಿ. ಹುಕ್ಕಾದ ಹೊಗೆ ನೀರಿನಲ್ಲಿ ತೊಳೆದು ಶುದ್ಧವಾಗುತ್ತದೆಂಬುದು ಮತ್ತೊಂದು ಭ್ರಮೆ. ಒಂದು ಗಂಟೆ ಹುಕ್ಕಾದ ಮುಂದೆ ಕುಳಿತವನು ಒಂದು ಸಿಗರೇಟಿನದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಹೊಗೆಯನ್ನು ಒಳಗೆಳೆದುಕೊಂಡಿರುತ್ತಾನೆ.

ನಮ್ಮ ಕರಾವಳಿಯ ಯುವಕರಲ್ಲಿ ಇನ್ನೊಂದು ನಂಬಿಕೆಯಿದೆ. ಗಲ್ಫ್ ವೀಸಾಕ್ಕಾಗಿ ಮೆಡಿಕಲ್ ಮಾಡಿಸಿದ್ದೇನೆ, ಎಕ್ಸ್-ರೇ ಕ್ಲಿಯರ್ ಇದೆ, ಆದ್ದರಿಂದ ನನ್ನ ಎದೆಗೆ ಏನೂ ಆಗಿಲ್ಲ ಎಂಬುದು. ಆ ಎಕ್ಸ್-ರೇ ತೆಗೆಯುವುದು ಮುಖ್ಯವಾಗಿ ಕ್ಷಯದಂತಹ ರೋಗವಿದೆಯೇ ಎಂದು ನೋಡಲು. ಹೃದಯದ ರಕ್ತನಾಳಗಳು ಅದರಲ್ಲಿ ಕಾಣುವುದೇ ಇಲ್ಲ. ವೀಸಾ ಸಿಕ್ಕಿತೆಂದರೆ ಸಿಗರೇಟಿಗೂ ಪರವಾನಗಿ ಸಿಕ್ಕಿತೆಂದಲ್ಲ. ಹಾಗೆಯೇ ನೋವು ನಿಂತು ಎರಡು ದಿನ ಕಳೆದ ಮೇಲೆ ತೆಗೆಸಿದ ಒಂದು ಇಸಿಜಿ ಸಹಜವಾಗಿದ್ದರೆ ಅದೂ ಪೂರ್ಣ ಭರವಸೆಯಲ್ಲ. ಹೃದಯಾಘಾತದ ಆರಂಭದಲ್ಲೂ ಇಸಿಜಿ ಕೆಲವೊಮ್ಮೆ ಸಹಜವಾಗಿರುತ್ತದೆ. ಸಂಶಯವಿದ್ದಾಗ ಅದನ್ನು ಮತ್ತೆ ತೆಗೆಯುತ್ತಾರೆ, ಟ್ರೋಪೋನಿನ್ ಎಂಬ ರಕ್ತಪರೀಕ್ಷೆಯನ್ನು ಕೆಲವು ಗಂಟೆಗಳ ಅಂತರದಲ್ಲಿ ಎರಡು ಬಾರಿ ಮಾಡುತ್ತಾರೆ. ನಡೆಯುವಾಗ, ಮೆಟ್ಟಲು ಹತ್ತುವಾಗ ನೋವು ಬಂದು ನಿಂತೊಡನೆ ಕಡಿಮೆಯಾಗುತ್ತಿದ್ದರೆ ಬೇರೆ ಪರೀಕ್ಷೆಗಳೂ ಬೇಕಾಗುತ್ತವೆ. ಇವೆಲ್ಲವನ್ನೂ ತೀರ್ಮಾನಿಸಬೇಕಾದರೆ ವೈದ್ಯರಿಗೆ ನಿಜ ತಿಳಿಯಬೇಕು. ಸೇದುವುದಿಲ್ಲವೆಂದು ಸುಳ್ಳು ಹೇಳಿದ ಯುವಕನನ್ನು ವೈದ್ಯರು ಒಂದು ದಾರಿಯಲ್ಲಿ ಪರೀಕ್ಷಿಸುತ್ತಾರೆ. ಏಳು ವರ್ಷಗಳಿಂದ ದಿನಕ್ಕೆ ಹತ್ತು ಎಂದು ನಿಜ ನುಡಿದವನನ್ನು ಬೇರೊಂದು ದಾರಿಯಲ್ಲಿ. ತಂದೆಯೋ ಅಣ್ಣನೋ ಪಕ್ಕದ ಕುರ್ಚಿಯಲ್ಲಿ ಕುಳಿತಿರುವಾಗ ಆ ನಿಜ ಹೊರಬರುವುದಿಲ್ಲ. ದಯವಿಟ್ಟು ಐದು ನಿಮಿಷ ಹೊರಗೆ ಕುಳಿತುಕೊಳ್ಳಿ. ಇದು ನಮ್ಮ ವಿನಂತಿ.

ತಡಮಾಡಲೇಬಾರದ ಲಕ್ಷಣಗಳನ್ನು ಇಲ್ಲಿರುವ ತಾಯಂದಿರು ಚೆನ್ನಾಗಿ ಕೇಳಿಸಿಕೊಳ್ಳಬೇಕು. ಎದೆಯ ನಡುಭಾಗದಲ್ಲಿ ಕಲ್ಲು ಹೇರಿದಂತಹ ಭಾರ ಅಥವಾ ಹಿಂಡುವಿಕೆ ಹತ್ತು ಹದಿನೈದು ನಿಮಿಷ ಕಳೆದರೂ ಇಳಿಯದಿರುವುದು, ನೋವು ತೋಳಿಗೆ, ದವಡೆಗೆ, ಬೆನ್ನಿಗೆ ಹಬ್ಬುವುದು, ತಣ್ಣನೆಯ ಬೆವರು, ಏದುಸಿರು, ವಾಂತಿ, ಕಣ್ಣು ಕತ್ತಲಿಡುವುದು. ಇವುಗಳಲ್ಲಿ ಯಾವುದೇ ಕಂಡರೂ 'ರಾತ್ರಿ ಬಿರಿಯಾನಿ ಜಾಸ್ತಿಯಾಯಿತು' ಎಂದು ಓಮದ ನೀರು ಕುಡಿಸಿ ಮಲಗಿಸಬೇಡಿ. 108ಕ್ಕೆ ಕರೆ ಮಾಡಿ. ಅವನನ್ನು ಬೈಕಿನಲ್ಲಿ ಒಬ್ಬನೇ ಕಳುಹಿಸಲೇಬಾರದು, ನಡೆಸಿಕೊಂಡು ಹೋಗಲೂ ಬಾರದು. ಆಸ್ಪಿರಿನ್ ಒಗ್ಗದ ದೇಹವಲ್ಲದಿದ್ದರೆ, ರಕ್ತಸ್ರಾವದ ತೊಂದರೆಯಿಲ್ಲದಿದ್ದರೆ, 300 ಮಿಲಿಗ್ರಾಂ ಆಸ್ಪಿರಿನನ್ನು ವೈದ್ಯರಲ್ಲಿ ಫೋನಿನಲ್ಲಾದರೂ ಕೇಳಿ ಅಗಿದು ನುಂಗಲು ಕೊಡಬಹುದು. ನಾಳ ಮುಚ್ಚಿಕೊಂಡ ಮೊದಲ ಗಂಟೆಯಲ್ಲಿ ಚಿಕಿತ್ಸೆ ಸಿಕ್ಕವನ ಹೃದಯಕ್ಕೂ ಮರುದಿನ ಸಿಕ್ಕವನ ಹೃದಯಕ್ಕೂ ಅಜಗಜಾಂತರವಿದೆ. ಹೆಪ್ಪನ್ನು ಕರಗಿಸುವ ಟೆನೆಕ್ಟಿಪ್ಲೇಸ್ ಚುಚ್ಚುಮದ್ದು ಬಹಳ ದುಬಾರಿಯಾದದ್ದು. ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ಅದನ್ನು ರಾಜ್ಯದ ತಾಲೂಕು ಆಸ್ಪತ್ರೆಗಳಲ್ಲಿ ಉಚಿತವಾಗಿ ನೀಡುವ ವ್ಯವಸ್ಥೆ ಆಗಿದೆ. ಅಲ್ಲಿ ತೆಗೆದ ಇಸಿಜಿಯನ್ನು ದೊಡ್ಡ ಕೇಂದ್ರದ ತಜ್ಞರು ಕುಳಿತಲ್ಲಿಂದಲೇ ನೋಡುತ್ತಾರೆ. ದೂರದ ನಗರದ ಹೆಸರುವಾಸಿ ಆಸ್ಪತ್ರೆಯೇ ಬೇಕೆಂದು ಎರಡು ಗಂಟೆ ಪ್ರಯಾಣಿಸುವ ಬದಲು ಮೊದಲು ಹತ್ತಿರದ ತಾಲೂಕು ಆಸ್ಪತ್ರೆಗೆ ಹೋಗುವುದೇ ಜಾಣತನ.

ಇನ್ನೊಂದು ಬಗೆಯ ಯುವಕರಿದ್ದಾರೆ. ಇವರು ಬಚ್ಚಿಡುವವರಲ್ಲ, ಬೆದರಿದವರು. ಪ್ರತಿ ಚುಚ್ಚಿಗೂ ಇದೇ ಕೊನೆಯ ರಾತ್ರಿಯೆಂದು ಭಾವಿಸುತ್ತಾರೆ. ಮಧ್ಯರಾತ್ರಿ ಎದ್ದು ಕುಳಿತು ನಾಡಿ ಹಿಡಿದು ನೋಡಿಕೊಳ್ಳುತ್ತಾರೆ, ಮೊಬೈಲ್‌ನಲ್ಲಿ ರೋಗಲಕ್ಷಣಗಳನ್ನು ಹುಡುಕುತ್ತಾರೆ. ಹುಡುಕಿದಷ್ಟೂ ರೋಗಗಳು ಸಿಗುತ್ತವೆ. ನಾಲ್ವರು ವೈದ್ಯರ ಬಳಿ ಆರು ಇಸಿಜಿ ಮಾಡಿಸಿರುತ್ತಾರೆ. ಎದೆ ಬಿಗಿಯುವುದು, ಕೈ ಜುಮ್ಮೆನ್ನುವುದು, ಉಸಿರು ಸಾಲದೆನಿಸುವುದು ಅವರಿಗೆ ನಿಜವಾಗಿಯೇ ಆಗುತ್ತದೆ. ತೀವ್ರ ಆತಂಕಕ್ಕೆ ದೇಹವು ಕೊಡುವ ರೂಪವದು. ಅದನ್ನು ನಾಟಕವೆನ್ನುವುದು ಅನ್ಯಾಯ. ಆದರೆ ಒಂದು ವಿಚಿತ್ರವನ್ನು ಗಮನಿಸಿ. ಹೆದರಿಕೆ ಹೆಚ್ಚಾದಾಗ ಇವರು ಮಾಡುವ ಮೊದಲ ಕೆಲಸವೆಂದರೆ ಮನಸ್ಸು ಶಾಂತವಾಗಲೆಂದು ಒಂದು ಸಿಗರೇಟು ಹಚ್ಚುವುದು. ಸಿಗರೇಟು ಶಾಂತಿಯನ್ನು ಕೊಡುವುದಿಲ್ಲ. ಹಿಂದಿನ ಸಿಗರೇಟಿನ ನಿಕೋಟಿನ್ ಇಳಿದಾಗ ಹುಟ್ಟಿದ ಚಡಪಡಿಕೆಯನ್ನು ಮುಂದಿನ ಸಿಗರೇಟು ಸ್ವಲ್ಪ ಹೊತ್ತು ತಣಿಸುತ್ತದೆ, ಅಷ್ಟೆ. ಸಾಲ ತೀರಿಸಲು ಮತ್ತೆ ಸಾಲ ಮಾಡಿದಂತೆ. ಅದೇ ವೇಳೆಗೆ ಎದೆಬಡಿತ ಏರುತ್ತದೆ, ಆ ಬಡಿತವನ್ನು ಕೇಳಿಯೇ ಅವನು ಇನ್ನಷ್ಟು ಹೆದರುತ್ತಾನೆ. ಚಟ ಬಿಟ್ಟ ಮೊದಲ ಕೆಲವು ವಾರ ಕಳೆದ ಬಳಿಕ ಅನೇಕರ ಆತಂಕ ಮೊದಲಿಗಿಂತ ಕಡಿಮೆಯಾಗುವುದನ್ನು ಅಧ್ಯಯನಗಳೂ ತೋರಿಸಿವೆ, ನಾವೂ ಕಂಡಿದ್ದೇವೆ. ಇವರಿಗೆ ಏಳನೆಯ ಇಸಿಜಿಗಿಂತ ಮನೋವೈದ್ಯರ ನೆರವು ಹೆಚ್ಚು ಉಪಕಾರಿ. 14416 ಸಂಖ್ಯೆಯ ಟೆಲಿ ಮಾನಸ್ ಸೇವೆಯೂ ಉಚಿತವಾಗಿದೆ.

ಸಹೋದರ ಸಹೋದರಿಯರೇ, ಈಗ ಮನೆಯ ಮಾತಿಗೆ ಬರೋಣ. ಮಗನ ಅಂಗಿಯ ಜೇಬಿನಲ್ಲಿ ತಂಬಾಕಿನ ಪುಡಿ ಸಿಕ್ಕರೆ ತಾಯಿ ಏನು ಮಾಡುತ್ತಾಳೆ? ಬಹುತೇಕ ತಾಯಂದಿರು ಅಂಗಿಯನ್ನು ಝಾಡಿಸಿ ಒಗೆದು ಸುಮ್ಮನಾಗುತ್ತಾರೆ. ಗಂಡನಿಗೆ ತಿಳಿದರೆ ಮನೆಯಲ್ಲಿ ರಣರಂಗವಾಗುತ್ತದೆಂಬ ಭಯ. ತಂಗಿಗೆ ಗೊತ್ತಿರುತ್ತದೆ, ಅಣ್ಣ ಅವಳ ಬಾಯಿ ಮುಚ್ಚಿಸಿರುತ್ತಾನೆ. ಹೊಸ ಹೆಂಡತಿಗೆ ಮದುವೆಯಾದ ವಾರದಲ್ಲೇ ವಾಸನೆಯಿಂದ ತಿಳಿಯುತ್ತದೆ. ತವರಿನಲ್ಲಿ ಹೇಳುವಂತಿಲ್ಲ, ಅತ್ತೆಯೊಡನೆ ಕೇಳುವಂತಿಲ್ಲ. ವರನಿಗೆ ಯಾವ ದುಶ್ಚಟವೂ ಇಲ್ಲವೆಂದು ನಿಕಾಹ್‌ಗೆ ಮೊದಲು ಎರಡೂ ಕಡೆಯ ಹಿರಿಯರು ಮಾತು ಕೊಟ್ಟಿರುತ್ತಾರಲ್ಲ! ಹೀಗೆ ಒಂದೇ ಮನೆಯಲ್ಲಿ ಎಲ್ಲರಿಗೂ ತಿಳಿದಿರುವ, ಯಾರೂ ಆಡದ ಗುಟ್ಟೊಂದು ವರ್ಷಗಟ್ಟಲೆ ಉಳಿಯುತ್ತದೆ. ಅದರ ನಡುವೆ ಒಂದು ದಿನ ಎದೆನೋವು ಬರುತ್ತದೆ.

ಇನ್ನು ಕೆಲವು ತಂದೆಯಂದಿರ ವಿಷಯ. ತಾವೇ ಅಂಗಳದಲ್ಲಿ ಕುಳಿತು ಬೀಡಿ ಸೇದುತ್ತಾ, ಹತ್ತು ವರ್ಷದ ಮಗನನ್ನು ಗೂಡಂಗಡಿಗೆ ಕಳುಹಿಸಿ ಕಟ್ಟು ತರಿಸಿದವರು, ಅದೇ ಮಗ ಹತ್ತೊಂಬತ್ತರಲ್ಲಿ ಸೇದಿದನೆಂದು ತಿಳಿದಾಗ ಬೆಲ್ಟು ಕೈಗೆತ್ತಿಕೊಳ್ಳುತ್ತಾರೆ. ಆ ಬೆಲ್ಟಿನಿಂದ ಒಂದೇ ಒಂದು ಸಿಗರೇಟೂ ಕಡಿಮೆಯಾದದ್ದನ್ನು ನಾವು ಕಂಡಿಲ್ಲ. ಸೇದುವ ಜಾಗ ಬದಲಾಗುತ್ತದೆ, ಏಲಕ್ಕಿ ಮತ್ತು ಪುದೀನ ಮಿಠಾಯಿಯ ಖರ್ಚು ಹೆಚ್ಚಾಗುತ್ತದೆ. ಧೂಮಪಾನ ಹರಾಮೋ ಮಕ್ರೂಹೋ ಎಂಬ ಚರ್ಚೆಯನ್ನು ವಿದ್ವಾಂಸರಿಗೆ ಬಿಡುತ್ತೇವೆ. ಇಂದಿನ ವಿಷಯ ಅದಲ್ಲ. ಮಗನ ತಪ್ಪಿನ ತೂಕವೆಷ್ಟು ಎಂಬುದು ನಿರ್ಧಾರವಾಗುವವರೆಗೆ ಅವನ ಎದೆನೋವು ಕಾಯುವುದಿಲ್ಲವೆಂಬುದಷ್ಟೇ ನಮ್ಮ ವಾದ. ಒಂದು ಮಾತು ಮನೆಯಲ್ಲಿ ಮೊದಲೇ ಆಡಿಟ್ಟಿರಬೇಕು: "ಮಗನೇ, ಮೈಯಲ್ಲಿ ಏನಾದರೂ ಆದರೆ ಮೊದಲು ನಮಗೆ ಹೇಳು. ಕಾರಣವನ್ನು ಆಮೇಲೆ ಮಾತನಾಡೋಣ." ಸಿಟ್ಟು ಬಂದ ದಿನ ಇದನ್ನು ಹೇಳಲಾಗದು. ಸಿಟ್ಟಿಲ್ಲದ ದಿನ ಊಟದ ಹೊತ್ತಿನಲ್ಲಿ ಹೇಳಬೇಕು. ದುಬೈಯಲ್ಲೋ ದಮ್ಮಾಮ್‌ನಲ್ಲೋ ಆರು ಜನರೊಂದಿಗೆ ಒಂದು ಕೋಣೆಯಲ್ಲಿರುವ ಮಗನಿಗೆ ಫೋನಿನಲ್ಲಾದರೂ ಹೇಳಬೇಕು. ಒಂದು ದಿನದ ಸಂಬಳ ಹೋದೀತೆಂದು, ರಜೆಯಲ್ಲಿ ಊರಿಗೆ ಬಂದಾಗ ತೋರಿಸಿದರಾಯಿತೆಂದು ಎದೆನೋವನ್ನು ಎಂಟು ತಿಂಗಳು ಮುಂದೂಡಿದವರು ನಮ್ಮ ನಡುವೆ ಇದ್ದಾರೆ.

ಮೌನಕ್ಕೆ ಇನ್ನೊಂದು ಮುಖವಿದೆ. ಅದು ವದಂತಿ. 2025ರ ಬೇಸಿಗೆಯ ಕೊನೆಯಲ್ಲಿ ಹಾಸನ ಜಿಲ್ಲೆಯಲ್ಲಿ ಕೆಲವೇ ವಾರಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಹೃದಯಾಘಾತದಿಂದ ಸತ್ತರೆಂಬ ವರದಿಗಳು ಬಂದಾಗ ರಾಜ್ಯವೇ ತಲ್ಲಣಿಸಿತು. ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಬೆಳಗಿನ ಜಾವದಿಂದಲೇ ಜನರ ಸಾಲು. ಎಲ್ಲೆಡೆ ಒಂದೇ ಮಾತು, ಕೋವಿಡ್ ಲಸಿಕೆಯೇ ಕಾರಣವೆಂದು. ಜಯದೇವ ಸಂಸ್ಥೆಯ ನಿರ್ದೇಶಕರ ನೇತೃತ್ವದ ಸಮಿತಿಯನ್ನು ಸರಕಾರ ನೇಮಿಸಿತು. ಸಾವಿನ ಸಂಖ್ಯೆ ಅಸಹಜವಾಗಿ ಏರಿಲ್ಲ, ವರದಿಯಾದ ಕೆಲವು ಸಾವುಗಳು ಹೃದಯಕ್ಕೆ ಸಂಬಂಧಿಸಿದವೇ ಅಲ್ಲ, ಉಳಿದವರಲ್ಲಿ ಧೂಮಪಾನ, ಮದ್ಯಪಾನ, ಮಧುಮೇಹ, ರಕ್ತದೊತ್ತಡದಂತಹ ಹಳೆಯ ಕಾರಣಗಳೇ ಕಾಣುತ್ತವೆ ಎಂಬುದು ಅದರ ತಾತ್ಪರ್ಯ. ವರದಿ ಬಂದ ಮೇಲೂ ಅನೇಕರಿಗೆ ಸಮಾಧಾನವಾಗಲಿಲ್ಲ. ತೋಳಿಗೆ ಎಂದೋ ಚುಚ್ಚಿಸಿಕೊಂಡ ಸೂಜಿಯನ್ನು ದೂರುವುದು ಜೇಬಿನಲ್ಲಿರುವ ಪೊಟ್ಟಣವನ್ನು ದೂರುವುದಕ್ಕಿಂತ ಸುಲಭ. ಲಸಿಕೆಯ ವಿರುದ್ಧ ವಾದಿಸುತ್ತಾ ಬೀದಿಬದಿಯಲ್ಲಿ ಸಿಗರೇಟು ಹಚ್ಚುತ್ತಿದ್ದವರನ್ನು ನೋಡಿ ನಗಬೇಕೋ ಅಳಬೇಕೋ ತಿಳಿಯದಾಗಿತ್ತು.

ಸರಕಾರದ ಪಾತ್ರವನ್ನೂ ಹೇಳದೆ ಹೋದರೆ ಅರ್ಧ ಸತ್ಯವಾದೀತು. 2003ರಲ್ಲಿ ಕೇಂದ್ರದ ತಂಬಾಕು ನಿಯಂತ್ರಣ ಕಾಯ್ದೆ ಬಂತು. 2008ರ ಅಕ್ಟೋಬರ್ 2ರಿಂದ ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನ ನಿಷೇಧದ ಬಿಗಿ ನಿಯಮಗಳು ಬಂದವು. 2019ರಲ್ಲಿ ಇ-ಸಿಗರೇಟು ನಿಷೇಧವಾಯಿತು. ಕರ್ನಾಟಕ 2024ರಲ್ಲಿ ಹುಕ್ಕಾ ಬಾರ್‌ಗಳನ್ನು ನಿಷೇಧಿಸಿತು. 2025ರಲ್ಲಿ ಜಾರಿಗೆ ಬಂದ ತಿದ್ದುಪಡಿಯು 21 ವರ್ಷ ತುಂಬದವರಿಗೆ ತಂಬಾಕು ಮಾರುವುದನ್ನು ತಡೆದು, ಸಾರ್ವಜನಿಕ ಸ್ಥಳದಲ್ಲಿ ಸೇದಿದರೆ ವಿಧಿಸುವ ದಂಡವನ್ನು 200 ರೂಪಾಯಿಯಿಂದ 1,000 ರೂಪಾಯಿಗೆ ಏರಿಸಿತು. ಇವೆಲ್ಲ ಸ್ವಾಗತಾರ್ಹವೇ. ಆದರೆ ದೇಶದ ಅತಿ ದೊಡ್ಡ ಸಿಗರೇಟು ಕಂಪನಿಯಾದ ಐಟಿಸಿಯಲ್ಲಿ ಸರಕಾರಿ ವಿಮಾ ಸಂಸ್ಥೆ ಎಲ್‌ಐಸಿಯೇ ದೊಡ್ಡ ಪಾಲುದಾರ. ಜೀವವಿಮೆ ಮಾಡುವವರಿಗೆ ಸಿಗರೇಟಿನಿಂದ ಲಾಭಾಂಶ! ನಮ್ಮದೇ ರಾಜ್ಯದ ಹುಣಸೂರು, ಪಿರಿಯಾಪಟ್ಟಣಗಳ ಸಾವಿರಾರು ರೈತರ ಬದುಕು ಸಿಗರೇಟು ತಂಬಾಕಿನ ಹರಾಜಿನ ಮೇಲೆ ನಿಂತಿದೆ. ಬಿಡಿ ಸಿಗರೇಟಿನ ಮಾರಾಟವನ್ನು ರಾಜ್ಯ ಸರಕಾರ 2017ರಲ್ಲೇ ನಿಷೇಧಿಸಿತ್ತು. ಶಾಲೆಯ ಹತ್ತಿರದ ಗೂಡಂಗಡಿಯಲ್ಲಿ ಇಂದು ಹದಿನಾರರ ಹುಡುಗನಿಗೆ ಒಂದು ಸಿಗರೇಟು ಸಿಗುತ್ತದೋ ಇಲ್ಲವೋ ಎಂಬುದನ್ನು ತಾವೇ ಹೋಗಿ ನೋಡಬಹುದು.

ಬೀಡಿಯ ವಿಷಯ ನಮಗೆ ಇನ್ನೂ ಹತ್ತಿರದ್ದು. ದಕ್ಷಿಣ ಕನ್ನಡದ ಎಷ್ಟೋ ಮನೆಗಳಲ್ಲಿ ಹೆಣ್ಣುಮಕ್ಕಳು ಬೀಡಿ ಕಟ್ಟಿದ ದುಡ್ಡಿನಿಂದಲೇ ಒಲೆ ಉರಿದಿದೆ, ಮಕ್ಕಳು ಓದಿದ್ದಾರೆ, ಮದುವೆಗಳು ನಡೆದಿವೆ. ಅವರ ಶ್ರಮವನ್ನು ಹೀಗಳೆಯುವ ಮನಸ್ಸು ನಮಗಿಲ್ಲ. ಆದರೆ ಬೀಡಿ ಸಿಗರೇಟಿಗಿಂತ ಸೌಮ್ಯ, ಅದರಲ್ಲಿ ತಂಬಾಕು ಕಡಿಮೆ ಎಂಬ ಮಾತು ನಿಜವಲ್ಲ. ತಂಬಾಕು ಕಡಿಮೆಯಿರುವುದು ಹೌದು. ಆದರೆ ಬೀಡಿ ಎಲೆಯಲ್ಲಿ ಗಾಳಿಯಾಡುವುದಿಲ್ಲ, ಆರಿಹೋಗದಂತೆ ಮೇಲಿಂದ ಮೇಲೆ ಬಲವಾಗಿ ಎಳೆಯಬೇಕಾಗುತ್ತದೆ, ಕಾರ್ಬನ್ ಮಾನಾಕ್ಸೈಡ್ ಮತ್ತು ಟಾರ್ ಹೆಚ್ಚೇ ಒಳಸೇರುತ್ತವೆ. ಮೂವತ್ತರ ಆಸುಪಾಸಿನ ಬೀಡಿ ಸೇದುವವರಲ್ಲಿ ಬರ್ಜರ್ಸ್ ಎಂಬ ರೋಗ ಕಾಣಿಸಿಕೊಳ್ಳುತ್ತದೆ. ಕೈಕಾಲುಗಳ ಸಣ್ಣ ರಕ್ತನಾಳಗಳು ಮುಚ್ಚಿಕೊಂಡು ಬೆರಳು ಕಪ್ಪಾಗಿ ಕತ್ತರಿಸಬೇಕಾಗುತ್ತದೆ. ಸೇದುವುದನ್ನು ಪೂರ್ತಿಯಾಗಿ ನಿಲ್ಲಿಸುವುದನ್ನು ಬಿಟ್ಟರೆ ಅದನ್ನು ತಡೆಯುವ ಔಷಧಿಯಿಲ್ಲ. ಒಂದು ಬೆರಳು ಹೋದ ಮೇಲೂ ಸೇದಿದವನು ಎರಡನೆಯದನ್ನು ಕಳೆದುಕೊಳ್ಳುತ್ತಾನೆ.

ಬಿಡುವುದು ಹೇಗೆ? ರಮಝಾನ್ ತಿಂಗಳಲ್ಲಿ ನಮ್ಮ ಧೂಮಪಾನಿ ಸಹೋದರರು ಬೆಳಗಿನ ಜಾವದಿಂದ ಸೂರ್ಯಾಸ್ತದವರೆಗೆ ಹದಿಮೂರು ಹದಿನಾಲ್ಕು ಗಂಟೆ ಒಂದನ್ನೂ ಸೇದದೆ ಇರುತ್ತಾರೆ. ಸಾಧ್ಯವೇ ಇಲ್ಲವೆಂದು ಹೇಳುವವರು ಮೂವತ್ತು ದಿನ ಸಾಧಿಸಿ ತೋರಿಸುತ್ತಾರೆ. ದುರದೃಷ್ಟವಶಾತ್ ಇಫ್ತಾರಿನ ಖರ್ಜೂರದ ಹಿಂದೆಯೇ ಮೊದಲ ಸಿಗರೇಟು, ತರಾವೀಹ್ ಮುಗಿದ ಮೇಲೆ ಸಾಲಾಗಿ ನಾಲ್ಕು. ದಿನವಿಡೀ ಖಾಲಿಯಿದ್ದ ದೇಹದ ಮೇಲೆ ಹಠಾತ್ತನೆ ನಿಕೋಟಿನ್ ಎರಗಿದಾಗ ತಲೆ ಸುತ್ತುವುದು, ಎದೆ ಹೊಡೆದುಕೊಳ್ಳುವುದು ಅನೇಕರ ಅನುಭವ. ಕಠಿಣವಾದ ಹಗಲನ್ನು ಗೆದ್ದವನು ಆ ಮೂರು ಗಂಟೆಯ ಸಂಜೆಯನ್ನು ದಾಟಲು ಒಬ್ಬ ಜೊತೆಗಾರನನ್ನು ಮಾಡಿಕೊಂಡರೆ ಸಾಕಷ್ಟು ದಾರಿ ಸಾಗಿದಂತೆ.

ದೇಹ ಬಹಳ ಬೇಗ ಚೇತರಿಸಿಕೊಳ್ಳುತ್ತದೆ. ಕೊನೆಯ ಸಿಗರೇಟಿನ ಇಪ್ಪತ್ತು ನಿಮಿಷಗಳಲ್ಲಿ ಎದೆಬಡಿತ ಇಳಿಯತೊಡಗುತ್ತದೆ. ಒಂದೆರಡು ದಿನಗಳಲ್ಲಿ ಕಾರ್ಬನ್ ಮಾನಾಕ್ಸೈಡ್ ರಕ್ತವನ್ನು ಬಿಟ್ಟು ಹೋಗುತ್ತದೆ. ಒಂದು ವರ್ಷದಲ್ಲಿ ಹೃದ್ರೋಗದ ಹೆಚ್ಚುವರಿ ಅಪಾಯ ಅರ್ಧಕ್ಕೆ ಇಳಿಯುತ್ತದೆ. ಇಪ್ಪತ್ತೈದರಲ್ಲಿ ಬಿಟ್ಟವನು ಕಳೆದುಕೊಂಡ ಆರೋಗ್ಯವನ್ನು ಬಹುತೇಕ ಪೂರ್ತಿಯಾಗಿ ಮರಳಿ ಪಡೆಯುತ್ತಾನೆ. ಮೊದಲ ಮೂರು ನಾಲ್ಕು ದಿನ ಸಿಡುಕು, ನಿದ್ರೆಯ ಕೊರತೆ, ಕೆಮ್ಮು ಹೆಚ್ಚಾದಂತೆ ಅನಿಸುವುದು ಸಹಜ. ಆ ವಾರದಲ್ಲಿ ಅವನು ಮನೆಯವರ ಮೇಲೆ ರೇಗಿದರೆ ಸ್ವಲ್ಪ ಸಹಿಸಿಕೊಳ್ಳಿ. ಸೇದಬೇಕೆಂಬ ತುಡಿತ ಕೆಲವೇ ನಿಮಿಷಗಳಲ್ಲಿ ಇಳಿಯುತ್ತದೆ. ಆ ನಿಮಿಷಗಳಲ್ಲಿ ನೀರು ಕುಡಿಯಲಿ, ನಡೆಯಲಿ, ಯಾರಿಗಾದರೂ ಫೋನ್ ಮಾಡಲಿ. ನಿಕೋಟಿನ್ ಚೂಯಿಂಗ್ ಗಮ್ ಮೆಡಿಕಲ್‌ಗಳಲ್ಲಿ ದೊರೆಯುತ್ತದೆ, ಆದರೆ ಈಗಾಗಲೇ ಎದೆನೋವಿರುವವರು ವೈದ್ಯರನ್ನು ಕೇಳದೆ ಬಳಸಬಾರದು. 1800-11-2356 ಎಂಬ ಉಚಿತ ಸಂಖ್ಯೆಗೆ ಕರೆ ಮಾಡಿದರೆ ತರಬೇತಾದ ಆಪ್ತಸಮಾಲೋಚಕರು ಮಾತನಾಡುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿಯೂ ಇದರ ಕೇಂದ್ರವಿದೆ, ಕನ್ನಡದಲ್ಲಿಯೇ ಮಾತನಾಡಬಹುದು. ಅದೇ ಸಂಖ್ಯೆ ಸಿಗರೇಟಿನ ಪೊಟ್ಟಣದ ಮೇಲೂ ಇದೆ. ಒಂದೇ ಯತ್ನದಲ್ಲಿ ಬಿಟ್ಟವರು ಕಡಿಮೆ. ಮೂರು ಬಾರಿ, ಐದು ಬಾರಿ ಬಿಟ್ಟು ಮತ್ತೆ ಹಿಡಿದು ಆರನೆಯ ಬಾರಿ ಗೆದ್ದವರೇ ಹೆಚ್ಚು. ಎರಡು ತಿಂಗಳು ಬಿಟ್ಟಿದ್ದವನು ಯಾವುದೋ ಮದುವೆಯ ಮನೆಯಲ್ಲಿ ಒಂದನ್ನು ಸೇದಿದನೆಂದರೆ 'ನಿನ್ನಿಂದಾಗದೆಂದು ಮೊದಲೇ ಗೊತ್ತಿತ್ತು' ಎನ್ನುವವರು ಅವನ ಮುಂದಿನ ಪೊಟ್ಟಣಕ್ಕೆ ತಾವೇ ದುಡ್ಡು ಕೊಟ್ಟಂತೆ.

ನಮಗೆ ಕೊಟ್ಟ ಸಮಯ ಮುಗಿದಿದೆ. ಪ್ರಶ್ನೆಗಳಿಗೆ ಅರ್ಧ ಗಂಟೆ ಮೀಸಲಿಟ್ಟಿದ್ದಾರೆ. ಎದ್ದು ನಿಂತು ಕೇಳಲು ಸಂಕೋಚವಿರುವವರು, ವಿಶೇಷವಾಗಿ ಹಿಂದಿನ ಸಾಲಿನಲ್ಲಿ ಕುಳಿತಿರುವ ಯುವಕರು ಮತ್ತು ಪರದೆಯ ಆಚೆಯಿರುವ ತಾಯಂದಿರು, ಚೀಟಿಯಲ್ಲಿ ಬರೆದು ಕಳುಹಿಸಬಹುದು. ಹೆಸರು ಬರೆಯಬೇಕಾಗಿಲ್ಲ. ವಯಸ್ಸು, ಎಷ್ಟು ವರ್ಷದಿಂದ ಸೇದುತ್ತಿದ್ದಾರೆ, ನೋವು ಎಲ್ಲಿ, ಯಾವಾಗ ಬರುತ್ತದೆ ಎಂಬುದಿಷ್ಟಿದ್ದರೆ ಸಾಕು.